ಮಗಳಿಗೊಂದು ಪತ್ರ: ಬಿಯಾಟ್ರಿಸ್‌ನ ಆ ಆರು ಜನ

ಓಮಾಹಾ, ನೆಬ್ರಾಸ್ಕ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸುವುದು ಬೇಡವೆನಿಸಿತು. ಪ್ರತಿ ಚುನಾವಣೆಯಲ್ಲೂ ರಿಪಬ್ಲಿಕನ್ನರಿಗೇ ವೋಟು ಹಾಕುವ ಅಪ್ಪ ಮರಣದಂಡನೆ ವಿಷಯ ಬಂದಾಗ ಮಾತ್ರ ಅದು ಬೇಡ ಎನ್ನುವವರ ಕಡೆ ವಾಲುವುದೇಕೆ ಅಂತ ತಾನೆ ಕೇಳಿದ್ದು? ನಾನು ಯಾವ ಕಡೆಗೂ ವಾಲಿಲ್ಲ, ಮಗಳೇ. ಇಷ್ಟು ವರ್ಷ ನಂಬಿಕೊಂಡು ಬಂದದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಡೆದರೆ ಬಂದು ನಿಲ್ಲುವುದು ಇಲ್ಲಿಗೇ.

ಬಿಯಾಟ್ರಿಸ್ ಎಂಬ ಊರು ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯೂ ಅಲ್ಲ. 1985ರಲ್ಲಿ ಅಲ್ಲಿ 68 ವರ್ಷದ ಅಜ್ಜಿಯೊಬ್ಬರನ್ನು ಅವರ ಮನೆಯಲ್ಲೇ ಕೊಂದರು. ನಾಲ್ಕು ವರ್ಷ ಕಳೆದ ಮೇಲೆ ಆರು ಜನರನ್ನು ಹಿಡಿದು ತಂದು, ಒಪ್ಪಿಕೊಳ್ಳದಿದ್ದರೆ ವಿದ್ಯುತ್ ಕುರ್ಚಿ ಕಾದಿದೆ ಎಂದು ಹೆದರಿಸಿದರು. ಐವರು ಸೋತು ತಲೆಬಾಗಿದರು. ಅವರಲ್ಲಿ ಕೆಲವರ ತಲೆ ಎಷ್ಟು ಕೆಡಿಸಿದ್ದರೆಂದರೆ, ಆ ರಾತ್ರಿ ತಾವು ಆ ಮನೆಯಲ್ಲಿದ್ದದ್ದು ನಿಜವೆಂದೇ ಅವರು ನಂಬಿಬಿಟ್ಟಿದ್ದರು. ಜೋಸೆಫ್ ವೈಟ್ ಎಂಬಾತ ಒಬ್ಬನೇ ‘ನಾನಲ್ಲ’ ಎಂದು ಪಟ್ಟು ಹಿಡಿದ. ಅವನಿಗೆ ಜೀವಾವಧಿ ಆಯಿತು. 2008ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಆರರಲ್ಲಿ ಒಬ್ಬರದ್ದೂ ಹೊಂದಲಿಲ್ಲ. ಕೊಂದವನು ಬೇರೆಯೇ ಒಬ್ಬ, ಅವನು 1992ರಲ್ಲೇ ಸತ್ತುಹೋಗಿದ್ದ. ವೈಟ್ ಹೊರಗೆ ಬಂದು ಮೂರು ವರ್ಷಕ್ಕೆ ಕೆಲಸದ ಜಾಗದಲ್ಲಿ ಅಪಘಾತವಾಗಿ ತೀರಿಕೊಂಡ. ಆ ಆರು ಜನರಿಗೆ 2.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿದ್ದು 2016ರಲ್ಲಿ. ಅದರಲ್ಲಿ ಬಹುಪಾಲು ಕಟ್ಟಿಕೊಟ್ಟವರು ಯಾರು ಗೊತ್ತೆ? ಬಿಯಾಟ್ರಿಸ್ ಇರುವ ಗೇಜ್ ಕೌಂಟಿಯ ಜನ. ಪ್ರಾಪರ್ಟಿ ಟ್ಯಾಕ್ಸ್ ಏರಿತು. ಆ ಪ್ರಕರಣದ ಗಂಧಗಾಳಿ ಇಲ್ಲದ ರೈತರೂ ಎಕರೆ ಲೆಕ್ಕದಲ್ಲಿ ತೆತ್ತರು.

ಮರಣದಂಡನೆಯ ಭಯವಿದ್ದರೆ ಅಪರಾಧಿ ಬಾಯಿ ಬಿಡುತ್ತಾನೆ ಅನ್ನುತ್ತಾರಲ್ಲ, ಬಿಯಾಟ್ರಿಸ್‌ನಲ್ಲಿ ಆ ಭಯ ಬಾಯಿ ಬಿಡಿಸಿದ್ದು ನಿರಪರಾಧಿಗಳನ್ನು. ಇಡೀ ಅಮೆರಿಕದ ಲೆಕ್ಕ ತೆಗೆದರೆ, 1973ರಿಂದೀಚೆಗೆ ಮರಣದಂಡನೆಗೆ ಗುರಿಯಾಗಿ ಆಮೇಲೆ ನಿರ್ದೋಷಿಗಳೆಂದು ಹೊರಬಂದವರು ಸುಮಾರು 200 ಜನ.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿರುವುದನ್ನು ನೋಡುತ್ತಲೇ ಬೆಳೆದವನು ನಾನು. ಶ್ರದ್ಧೆಯಿಂದ ದುಡಿಯಲಿ ಎಂಬ ಅರ್ಥದಲ್ಲಿ ಅದು ಒಳ್ಳೆಯ ಮಾತೇ. ಆದರೆ ಜೀವ ತೆಗೆಯುವ ವಿಷಯದಲ್ಲಿ ಸರ್ಕಾರ ದೇವರ ಜಾಗದಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ರಸ್ತೆಯ ಗುಂಡಿ ಮುಚ್ಚುವುದರಲ್ಲಿ, ಶಾಲೆ ನಡೆಸುವುದರಲ್ಲಿ ಸರ್ಕಾರ ತಪ್ಪು ಮಾಡುತ್ತದೆ ಎನ್ನುವ ನಾವು, ಕೊಲ್ಲುವುದರಲ್ಲಿ ಮಾತ್ರ ಅದು ತಪ್ಪೇ ಮಾಡುವುದಿಲ್ಲವೆಂದು ಹೇಗೆ ನಂಬುವುದು? ಹುಟ್ಟದ ಕೂಸಿನ ಜೀವಕ್ಕಾಗಿ ವಾದಿಸುವವನು ಜೈಲಿನ ಬಾಗಿಲಲ್ಲಿ ಆ ವಾದವನ್ನು ಬಿಟ್ಟುಬರಲಾರ.

ಹೀಗೆ ಯೋಚಿಸುವವನು ನಾನೊಬ್ಬನೇ ಅಲ್ಲ. ‘ಮರಣದಂಡನೆಯ ಬಗ್ಗೆ ಕಳವಳಗೊಂಡ ಕನ್ಸರ್ವೇಟಿವ್‌ಗಳು’ ಎಂಬ ಸಂಘಟನೆ 2013ರಿಂದ ದೇಶದ ಮಟ್ಟದಲ್ಲಿ ಕೆಲಸ ಮಾಡುತ್ತಿದೆ. ನಮ್ಮ ರಾಜ್ಯದ್ದೇ ನೋಡು. ಓಮಾಹಾದ ರಾಜ್ಯ ಸೆನೆಟರ್ ಅರ್ನಿ ಚೇಂಬರ್ಸ್ ದಶಕಗಳ ಕಾಲ ಮತ್ತೆ ಮತ್ತೆ ಮಂಡಿಸಿದ, ಮರಣದಂಡನೆಯನ್ನು ರದ್ದು ಮಾಡುವ ಮಸೂದೆ 2015ರಲ್ಲಿ ರಿಪಬ್ಲಿಕನ್ನರೇ ತುಂಬಿದ್ದ ಸದನದಲ್ಲಿ ಪಾಸಾಯಿತು. ಗವರ್ನರ್ ಪೀಟ್ ರಿಕೆಟ್ಸ್ ವೀಟೋ ಹಾಕಿದರು. ಅದನ್ನು ತಳ್ಳಿಹಾಕಲು 30 ಮತ ಬೇಕಿತ್ತು. ಮೇ 27ರಂದು ಸರಿಯಾಗಿ 30 ಬಿತ್ತು, ವಿರುದ್ಧ 19. ಆ ಹೋರಾಟದಲ್ಲಿ ಮುಂದೆ ನಿಂತ ಕನ್ಸರ್ವೇಟಿವ್ ಸೆನೆಟರ್ ಕೋಲ್ಬಿ ಕೋಶ್, ಕಾಲೇಜು ಹುಡುಗನಾಗಿದ್ದಾಗ 1994ರಲ್ಲಿ ಲಿಂಕನ್ ಜೈಲಿನ ಹೊರಗೆ ಕಂಡದ್ದನ್ನು ಹೇಳುತ್ತಿದ್ದರು. ಒಳಗೆ ಒಬ್ಬನನ್ನು ವಿದ್ಯುತ್ ಕುರ್ಚಿಗೆ ಕೂರಿಸುವ ಹೊತ್ತಿಗೆ ಹೊರಗೆ ಒಂದು ಗುಂಪು ಪ್ರಾರ್ಥಿಸುತ್ತಿತ್ತು. ಇನ್ನೊಂದು ಗುಂಪು ಹೊಸವರ್ಷಕ್ಕೆ ಎಣಿಸುವ ಹಾಗೆ ಗಳಿಗೆ ಎಣಿಸುತ್ತ ಕುಣಿಯುತ್ತಿತ್ತು. ಅವರಿದ್ದದ್ದು ಕುಣಿಯುವವರ ನಡುವೆ. ಅವರ ಮನಸ್ಸು ತಿರುಗಿದ್ದು ಅದಾದ ಮೇಲೆ.

ರಿಕೆಟ್ಸ್ ಸ್ವಂತ ಹಣವನ್ನೂ ಹಾಕಿ ವಿಷಯವನ್ನು ಜನರ ಮುಂದಿಟ್ಟರು. 2016ರಲ್ಲಿ ಶೇಕಡ 61ರಷ್ಟು ಮತದಾರರು ಮರಣದಂಡನೆಯನ್ನು ವಾಪಸ್ ತಂದರು. ಜನರ ತೀರ್ಪಿಗೆ ಗೌರವವಿದೆ, ಆದರೂ ನೋವಾಯಿತು. ಅದಕ್ಕೆ ಮುಂಚೆ ವಿಷದ ಚುಚ್ಚುಮದ್ದಿನ ಔಷಧಿಗೆಂದು ನಮ್ಮ ಭಾರತದ ದಲ್ಲಾಳಿಯೊಬ್ಬನಿಗೆ ರಾಜ್ಯ 54,400 ಡಾಲರ್ ಕೊಟ್ಟಿತ್ತು. ಔಷಧಿಯೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಕೊಲೆಯಾದವರ ಮನೆಯವರ ಗತಿಯೇನು ಅಂತಲೂ ಕೇಳಿದೆ. ಕೇಳಲೇಬೇಕಾದ್ದು. 1979ರಲ್ಲಿ ಓಮಾಹಾದ ಇಬ್ಬರು ಟ್ಯಾಕ್ಸಿ ಚಾಲಕರನ್ನು ಕೊಂದ ಕ್ಯಾರಿ ಡೀನ್ ಮೂರ್‌ಗೆ ಶಿಕ್ಷೆ ಜಾರಿಯಾದದ್ದು 2018ರ ಆಗಸ್ಟ್‌ನಲ್ಲಿ. ನಡುವೆ ಎಷ್ಟು ಸಲ ದಿನ ಗೊತ್ತುಮಾಡಿದರು, ಎಷ್ಟು ಸಲ ಮುಂದೂಡಿದರು! ಪ್ರತಿ ಸಲವೂ ಪತ್ರಿಕೆಯಲ್ಲಿ ಕೊಂದವನ ಫೋಟೋ. ಸತ್ತ ಆ ಚಾಲಕರ ಮಕ್ಕಳು ಮುದುಕರಾಗುವವರೆಗೆ ಅವರ ಗಾಯವನ್ನು ಕೆರೆಯುತ್ತಲೇ ಇದ್ದರು. ಪೆರೋಲ್ ಇಲ್ಲದ ಜೀವಾವಧಿ ಕೊಟ್ಟಿದ್ದರೆ ಅವನು ಒಳಗೇ ಇರುತ್ತಿದ್ದ, ಇವರು ಅವನ ಹೆಸರನ್ನು ಮರೆಯಬಹುದಿತ್ತು.

ನಿನ್ನ ವೋಟು ಇನ್ನೂ ಇಲ್ಲೇ ಇದೆ. ನಮ್ಮ ಕ್ಷೇತ್ರದ ಸೆನೆಟರ್‌ಗೆ ನಾನು ಬರೆದ ಪತ್ರದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಒಪ್ಪಿಗೆಯಾಗದ ಕಡೆ ಗೆರೆ ಎಳೆದು ಕಳಿಸು, ರಜೆಗೆ ಬಂದಾಗ ಕೂತು ಮಾತಾಡೋಣ. ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ.

ನಿನ್ನ ಅಪ್ಪ