ತೇಕ್ಕಡಿಗೆ ಹೋಗಿ ಬಂದೆ, ನಿನಗೆ ಹೇಳಬೇಕು

ಮಾರಾಯ,

ಫೋನಿನಲ್ಲಿ ಹೇಳಿದರೆ ‘ಹೌದಾ, ಸರಿ ಸರಿ’ ಎಂದು ಎರಡು ನಿಮಿಷಕ್ಕೆ ಮುಗಿಸಿಬಿಡುತ್ತೀಯ. ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಲ್ಲಿಯೇ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನೀನೂ ಪೂರ್ತಿ ಓದುತ್ತೀಯ. ನಿನ್ನ ಹೆಸರು ಹಾಕುವುದಿಲ್ಲ. ನಮ್ಮ ಕ್ಲಾಸಿನವರಿಗೆ ಹೇಗೂ ಗೊತ್ತಾಗುತ್ತದೆ, ಉಳಿದವರಿಗೆ ಯಾಕೆ ಅಲ್ವಾ.

ತೇಕ್ಕಡಿಗೆ ಹೋಗಿ ಬಂದೆ. ಹೌದು, ಪ್ಲಸ್ ಟು ಓದುವಾಗ ನಾವು ದುಡ್ಡು ಕೂಡಿಸಿ ಹೋಗಬೇಕೆಂದಿದ್ದ ಅದೇ ತೇಕ್ಕಡಿ. ಆ ದುಡ್ಡು ಏನಾಯಿತು ಎಂದು ನಿನಗೂ ಗೊತ್ತು, ಕುಂಬಳೆಯ ಆ ಹೋಟೆಲಿನವರಿಗೂ ಗೊತ್ತು. ಆ ವಿಷಯ ಇಲ್ಲಿಗೆ ಬೇಡ.

ಕಾಸರಗೋಡಿನಲ್ಲಿ ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಬೆಳಗಿನ ಜಾವ ಕೋಟ್ಟಯಂನಲ್ಲಿ ಇಳಿದೆ. ಅಲ್ಲಿಂದ ತೇಕ್ಕಡಿ ಪಕ್ಕದ ಪೇಟೆ ಕುಮಳಿಗೆ ಬಸ್ಸು. ಮುಂಡಕ್ಕಯಂ ದಾಟಿದ ಮೇಲೆ ಬರೀ ತಿರುವು, ಆಮೇಲೆ ಪೀರುಮೇಡಿನ ಚಹಾ ತೋಟ, ವಂಡಿಪೆರಿಯಾರ್, ಮತ್ತೂ ತಿರುವು. ನನ್ನ ಮಲಯಾಳ ಕೇಳಿ ಕಂಡಕ್ಟರು ‘ಮಂಗಳೂರಾ?’ ಎಂದರು. ‘ಕಾಸರಗೋಡು’ ಅಂದೆ. ‘ಅದೇ ಅದೇ’ ಎಂದು ಟಿಕೆಟ್ ಹರಿದು ಕೊಟ್ಟರು. ಒಂದೇ ರಾಜ್ಯದ ಈ ತುದಿಯಿಂದ ಆ ತುದಿಗೆ ಹೋದರೂ ನಾವು ಸ್ವಲ್ಪ ಹೊರಗಿನವರೇ. ನಿನಗೆ ಬೆಂಗಳೂರಿನಲ್ಲೂ ಹಾಗೇ ಆಗುತ್ತದೆ ಎಂದು ಹೇಳಿದ್ದೆಯಲ್ಲ, ‘ನಿಮ್ಮ ಕನ್ನಡ ಯಾವ ಕಡೆಯದು’ ಎಂದು ಕೇಳುತ್ತಾರೆ ಅಂತ. ಅದು ನೆನಪಾಯಿತು.

ರಾತ್ರಿ ಕುಮಳಿಯಲ್ಲಿ ಉಳಿದು ಮರುದಿನ ಬೆಳಗ್ಗೆ ಎಂಟಕ್ಕೆ ಹೊರಟೆವು. ಪೆರಿಯಾರ್ ಹುಲಿ ಸಂರಕ್ಷಣಾ ಪ್ರದೇಶದವರೇ ನಡೆಸುವ ಒಂದು ದಿನದ ತಿರುಗಾಟ ಅದು. ಸ್ವಲ್ಪ ದೂರ ಕಾಡಿನಲ್ಲಿ ನಡೆಯುವುದು, ಆಮೇಲೆ ಬಿದಿರಿನ ತೆಪ್ಪದಲ್ಲಿ ಕೆರೆಯ ಮೇಲೆ ಹೋಗುವುದು, ಮಧ್ಯದಲ್ಲಿ ದಡದಲ್ಲಿ ಎಲ್ಲೋ ಊಟ, ಸಂಜೆ ಐದರ ಹೊತ್ತಿಗೆ ವಾಪಸು. ಜೊತೆಗೆ ಗೈಡುಗಳು ಮತ್ತು ಕೋವಿ ಹಿಡಿದ ಒಬ್ಬ ಗಾರ್ಡ್. ಮಾರ್ಚ್ ತಿಂಗಳಾದ್ದರಿಂದ ಉಂಬುಳ ಕಡಿಮೆ, ಆದರೂ ಮೊಣಕಾಲಿನವರೆಗೆ ಬರುವ ಬಟ್ಟೆಯ ಕಾಲುಚೀಲ ಕೊಟ್ಟು ಕಟ್ಟಿಸಿದರು. ದೊಡ್ಡ ಬೋಟಿನಲ್ಲೂ ಹೋಗಬಹುದು. ಆದರೆ ನೀನು ಬಂದರೆ ತೆಪ್ಪಕ್ಕೇ ಹೋಗು. ಮೋಟಾರಿನ ಸದ್ದಿಲ್ಲ, ಹುಟ್ಟು ಹಾಕುವವರು ಪಿಸುಮಾತಿನಲ್ಲೇ ಮಾತಾಡುತ್ತಾರೆ, ದೂರದಲ್ಲಿ ಆನೆ ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುವ ಶಬ್ದವೂ ಕೇಳುತ್ತದೆ. ನಾನು ಕೇಳಿದೆ. ಒಂದು ಹೆಣ್ಣಾನೆ, ಹೊಟ್ಟೆಯ ಕೆಳಗೆ ಮರಿ. ಎದುರು ದಡದಲ್ಲಿ ಕಾಟಿಗಳ ಒಂದು ಹಿಂಡು. ನೀರುನಾಯಿಗಳು ಒಂದರ ಹಿಂದೆ ಒಂದು ತಲೆ ಎತ್ತಿ ನಮ್ಮನ್ನು ನೋಡಿ ಮುಳುಗಿದವು. ಹುಲಿ ಕಾಣಲಿಲ್ಲ. ಕಾಣದಿದ್ದರೆ ಬೇಸರವಾಗಬೇಕು ಎಂದೂ ಅನ್ನಿಸಲಿಲ್ಲ.

ಆದರೆ ಮಾರಾಯ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮರಗಳು. ಫೋಟೋದಲ್ಲಿ ನೋಡಿರುತ್ತೀಯ, ನೀರಿನ ನಡುವೆ ಅಲ್ಲಲ್ಲಿ ಕಪ್ಪು ಬೊಡ್ಡೆಗಳು ಎದ್ದು ನಿಂತಿರುತ್ತವೆ, ಅವುಗಳ ಮೇಲೆ ನೀರುಕಾಗೆ, ಹಾವಕ್ಕಿ ರೆಕ್ಕೆ ಒಣಗಿಸುತ್ತಾ ಕೂತಿರುತ್ತವೆ. ನೋಡಲು ಚೆಂದ. ಹತ್ತಿರ ಹೋದಾಗ ಗೈಡ್ ಹೇಳಿದರು, ಇವೆಲ್ಲ ಅಣೆಕಟ್ಟು ಕಟ್ಟುವ ಮೊದಲು ಇಲ್ಲಿದ್ದ ಕಾಡಿನ ಮರಗಳು ಎಂದು. ಎಲ್ಲರೂ ತೇಕ್ಕಡಿ ಕೆರೆ ಅನ್ನುತ್ತಾರೆ. 1895ರ ಮೊದಲು ಅಲ್ಲಿ ಕೆರೆ ಇರಲಿಲ್ಲ. ಪೆರಿಯಾರ್ ಹೊಳೆ ಇತ್ತು, ಎರಡೂ ಬದಿ ಕಾಡು ಇತ್ತು. ಆ ಹೊಳೆ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿತ್ತು, ಘಟ್ಟದ ಆಚೆ ಮದುರೆಯ ಕಡೆ ನೀರಿಲ್ಲದೆ ಬರ. ಬ್ರಿಟಿಷರು 1886ರಲ್ಲಿ ತಿರುವಿದಾಂಕೂರಿನ ಮಹಾರಾಜರಿಂದ 8,000 ಎಕರೆ ಜಾಗವನ್ನು ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ 999 ವರ್ಷಕ್ಕೆ ಗೇಣಿಗೆ ತೆಗೆದುಕೊಂಡರು. ಪೆನ್ನಿಕ್ವಿಕ್ ಎಂಬ ಎಂಜಿನಿಯರ್ ಸುಣ್ಣ ಮತ್ತು ಸುರ್ಕಿಯಲ್ಲಿ (ಅಂದರೆ ಇಟ್ಟಿಗೆ ಪುಡಿ) ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿದರು. ಪಶ್ಚಿಮಕ್ಕೆ ಹೋಗಬೇಕಾದ ನೀರು ನಿಂತಿತು, ಏರಿತು, 26 ಚದರ ಕಿಲೋಮೀಟರ್ ಹರಡಿತು, ಗುಡ್ಡ ಕೊರೆದ ಸುರಂಗದಲ್ಲಿ ಪೂರ್ವಕ್ಕೆ ಇಳಿದು ಕಂಬಂ ಕಣಿವೆಗೆ ಹೋಯಿತು. ಇವತ್ತಿಗೂ ಹೋಗುತ್ತಿದೆ. ತೇನಿ, ಮದುರೆಯ ಗದ್ದೆಗಳು ಅದರಲ್ಲೇ ಬದುಕುತ್ತವೆ. ಅಲ್ಲಿನವರು ಪೆನ್ನಿಕ್ವಿಕ್‌ನ ಹೆಸರನ್ನು ಮಕ್ಕಳಿಗೆ ಇಡುತ್ತಾರಂತೆ, ಇಟ್ಟರೆ ತಪ್ಪೇನಿದೆ.

ಮುಳುಗಿದ ಕಾಡು ಮುಳುಗಿಯೇ ಹೋಯಿತು. ನೀರಿನೊಳಗೆ ಗಾಳಿ ಸಿಗದ ಮರ ಬೇಗ ಕೊಳೆಯುವುದಿಲ್ಲ, ಹಾಗಾಗಿ ಬೊಡ್ಡೆಗಳು ಇನ್ನೂ ನಿಂತಿವೆ. ಉಳಿದ ಕಾಡನ್ನು 1934ರಲ್ಲಿ ರಕ್ಷಿತ ಪ್ರದೇಶ ಮಾಡಿದರು, 1950ರಲ್ಲಿ ಅಭಯಾರಣ್ಯ, 1978ರಲ್ಲಿ ಹುಲಿ ಸಂರಕ್ಷಣಾ ಪ್ರದೇಶ. ಈಗ 925 ಚದರ ಕಿಲೋಮೀಟರ್. ಬೇಸಗೆಯಲ್ಲಿ ಆನೆಗಳು ನೀರಿಗೆ ಬರುವುದು ಈ ಕೆರೆಗೇ. ಕಾಡನ್ನು ಮುಳುಗಿಸಿದ ನೀರೇ ಈಗ ಕಾಡಿಗೆ ಬೇಕು. ತೆಪ್ಪದಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಖುಷಿಪಡಬೇಕೋ ಸಂಕಟಪಡಬೇಕೋ ತಿಳಿಯಲಿಲ್ಲ, ಎರಡೂ ಆಯಿತು.

ನಮ್ಮ ತೆಪ್ಪದ ಗೈಡ್ ಮನ್ನಾನ್ ಸಮುದಾಯದವರು. ಕಾಡಿನ ಒಳಗೆ ಇದ್ದ ಮನ್ನಾನರನ್ನು, ಪಳಿಯರನ್ನು 1940ರ ದಶಕದಲ್ಲಿ ಕುಮಳಿಯ ಅಂಚಿಗೆ ತಂದು ಕೂರಿಸಿದರು. ಕೋವಿಲ್ಮಲೆಯಲ್ಲಿ ಮನ್ನಾನರಿಗೆ ಈಗಲೂ ಒಬ್ಬ ರಾಜ ಇದ್ದಾರೆ, ಗೊತ್ತಿತ್ತಾ ನಿನಗೆ? ನನಗೆ ಗೊತ್ತಿರಲಿಲ್ಲ. ಈ ಕೆರೆಯಲ್ಲಿ ಮೀನು ಹಿಡಿಯುವವರೂ ಅವರೇ. ಗೈಡುಗಳಲ್ಲಿ ಇನ್ನೂ ಒಂದು ಬಗೆಯವರಿದ್ದಾರೆ, ಹಿಂದೆ ಕಾಡಿಗೆ ನುಗ್ಗಿ ದಾಲ್ಚಿನ್ನಿ ಜಾತಿಯ ವಯಣ ಮರದ ತೊಗಟೆ ಕದಿಯುತ್ತಿದ್ದವರು. 1990ರ ದಶಕದಲ್ಲಿ ಅರಣ್ಯ ಇಲಾಖೆ ಅವರ ಜೊತೆ ಕೂತು ಮಾತಾಡಿ, ಕೇಸುಗಳ ವಿಷಯದಲ್ಲಿ ದಾರಿ ಮಾಡಿಕೊಟ್ಟು, ಅವರನ್ನೇ ಕಾಡಿನ ಕಾವಲಿಗೆ ಹಾಕಿತು. ಕದಿಯಲು ಕಲಿತ ದಾರಿಗಳಲ್ಲೇ ಈಗ ಕಾವಲು ನಡೆಯುತ್ತಾರೆ. ಕುಮಳಿಯ ಹೆಂಗಸರದ್ದೇ ಒಂದು ಗುಂಪಿದೆ, ವಸಂತಸೇನೆ. ಸಂಬಳ ಇಲ್ಲದೆ ದಿನಾ ಸರದಿಯ ಮೇಲೆ ಕಾಡಿನ ಅಂಚಿನಲ್ಲಿ ಗಸ್ತು ತಿರುಗುತ್ತಾರೆ. ಇದನ್ನೆಲ್ಲ ಕೇಳುತ್ತಾ ಹೋದಂತೆ ಆ ಕಾಡು ತಾನಾಗಿ ಹಾಗೆ ಉಳಿದಿದ್ದಲ್ಲ, ದಿನಾ ಬೆಳಗ್ಗೆ ಎದ್ದು ಯಾರೋ ಉಳಿಸುತ್ತಿದ್ದಾರೆ ಎಂದು ಕಾಣತೊಡಗಿತು.

ಊಟಕ್ಕೆ ದಡದಲ್ಲಿ ಕೂತಾಗ ಗೈಡ್ ಕೇಳಿದರು, ‘ನಿಮ್ಮ ಕಡೆ ಏನಿದೆ?’ ಎಂದು. ಎಲ್ಲರೂ ಬೇಕಲ ಕೋಟೆ ಅನ್ನುತ್ತಾರೆ. ನನ್ನ ಬಾಯಿಗೆ ಸುರಂಗ ಬಂತು. ಅವರಿಗೆ ಆಶ್ಚರ್ಯ. ಗುಡ್ಡೆಯ ಮಗ್ಗುಲಿಗೆ ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋಗುವುದು, ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ, ನೀರಿನ ಒರತೆ ಸಿಗುವವರೆಗೆ ಪಿಕ್ಕಾಸಿನಲ್ಲಿ ಕೊರೆಯುತ್ತಾ ಹೋಗುವುದು. ಒಳಗೆ ಮೇಣದ ಬತ್ತಿ ಹಚ್ಚಿಡುತ್ತಾರೆ, ಅದು ನಂದಿದರೆ ಗಾಳಿ ಸಾಲದು ಎಂದರ್ಥ, ಹೊರಗೆ ಬರಬೇಕು. ಪಂಪು ಬೇಡ, ಕರೆಂಟು ಬೇಡ, ನೀರು ತಾನೇ ಹರಿದು ಅಂಗಳದ ಕೆರೆಗೆ ಬರುತ್ತದೆ. ಜಿಲ್ಲೆಯಲ್ಲಿ 12 ಹೊಳೆಗಳಿದ್ದರೂ ಬೇಸಗೆಯಲ್ಲಿ ನಮ್ಮ ಪೆರ್ಲ, ಬಾಯಾರು, ಪೈವಳಿಕೆಯ ಗುಡ್ಡೆಗಳ ಅಡಿಕೆ ತೋಟಗಳು ಉಳಿದಿದ್ದು ಇದರಿಂದ. ಹೀಗೆಲ್ಲ ನಾನು ಉತ್ಸಾಹದಲ್ಲಿ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ, ಅನ್ನ ಕಲಸುತ್ತಾ, ಸುಮ್ನೆ ಕೇಳಿದರು. ‘ಒಳಗೆ ಮಣ್ಣು ಜರಿಯುತ್ತದಲ್ಲ, ತೆಗೆಯುವವರು ಯಾರು?’

‘ಅಪ್ಪ’ ಎಂದೆ. ಅಪ್ಪನಿಗೆ ಈಗ ಬೆನ್ನು ಬಗ್ಗುವುದಿಲ್ಲ ಎಂದು ನಿನಗೆ ಗೊತ್ತು. ‘ಈಗ ನಾನು’ ಎಂದು ಸೇರಿಸಿದೆ. ‘ಆಮೇಲೆ?’ ಎಂದರು.

ಆಮೇಲೆ ಯಾರು ಮಾರಾಯ?

ಅವರು ಬೇರೆ ಮಾತಿಗೆ ಹೋದರು. ನಾನು ಹೋಗಲಿಲ್ಲ. ವಾಪಸು ಬರುವಾಗ ತೆಪ್ಪದಲ್ಲಿ, ರಾತ್ರಿ ಲಾಡ್ಜಿನಲ್ಲಿ, ರೈಲಿನಲ್ಲಿ, ಇದೇ ಪ್ರಶ್ನೆ.

ನಿಮ್ಮ ಮನೆಯ ಸುರಂಗ, ನಮ್ಮ ಮನೆಯ ಸುರಂಗ ಒಂದೇ ಗುಡ್ಡೆಯ ಎರಡು ಮಗ್ಗುಲು. ನೀವು ತೋಟ ಮಾರಿದ ದಿನ ರಿಜಿಸ್ಟ್ರೇಶನ್‌ಗೆ ನಿನ್ನ ಜೊತೆ ನಾನೂ ಬಂದಿದ್ದೆ. ಆಮೇಲೆ ಒಟ್ಟಿಗೆ ಊಟ ಮಾಡಿದೆವು, ನಗಾಡಿದೆವು, ನಿನ್ನನ್ನು ಬಸ್ಸಿಗೆ ಬಿಟ್ಟೆ. ನನಗೆ ಅವತ್ತು ನಿನ್ನ ಮೇಲೆ ತುಂಬ ಸಿಟ್ಟು ಬಂದಿತ್ತು. ನಿನ್ನ ಅಮ್ಮನ ಆಪರೇಶನ್‌ಗೆ ದುಡ್ಡು ಬೇಕಿತ್ತು ಎಂದು ಗೊತ್ತು. ನಿನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡಬೇಕು, ನಾನೂ ಮಾಡುತ್ತಿದ್ದೆ. ಅದೆಲ್ಲ ಗೊತ್ತಿದ್ದೂ ಸಿಟ್ಟು ಬಂತು, ಪೂರ್ತಿ ಹೋಗಿಲ್ಲ. ಕೊಂಡವರು ಗುಡ್ಡೆಯ ಮರ ಕಡಿದು ರಬ್ಬರು ಹಾಕಿದರು, ಬೋರು ಕೊರೆಸಿದರು. ನಿಮ್ಮ ಸುರಂಗದ ಬಾಯಿಯಲ್ಲಿ ಈಗ ಕಾಡು ಬಳ್ಳಿ. ನಮ್ಮದರಲ್ಲಿ ಏಪ್ರಿಲಿನಲ್ಲೂ ಕಿರುಬೆರಳು ದಪ್ಪ ಬರುತ್ತಿದ್ದ ನೀರು ಹೋದ ವರ್ಷ ತೊಟ್ಟಿಕ್ಕುತ್ತಿತ್ತು. ಒಳಗೆ ಮಣ್ಣು ತೆಗೆಯಲು ಹೋದಾಗ ಹೊರಗಿನಿಂದ ನೀನು ಕೂಗುತ್ತಿದ್ದೆಯಲ್ಲ, ‘ಬದುಕಿದ್ದೀಯಾ?’ ಎಂದು, ಈಗ ಕೂಗುವವರಿಲ್ಲ. ಒಬ್ಬನೇ ಹೋಗುತ್ತೇನೆ. ಹೆದರಿಕೆಯಾಗುತ್ತದೆ.

ಇನ್ನೊಂದು ವಿಷಯ. ಕಲ್ಲು ಕೋರೆಯವರು ಮನೆಗೆ ಬಂದಿದ್ದರು. ನಮ್ಮ ಬದಿಯ ಗುಡ್ಡೆ ಕೇಳಿದರು, ಮುರಕಲ್ಲು ಕೊಯ್ಯಲು. ಅಪ್ಪ ಏನೂ ಹೇಳದೆ ನನ್ನ ಮುಖ ನೋಡಿದರು. ನಾನು ‘ಯೋಚಿಸುತ್ತೇನೆ’ ಎಂದೆ. ಆ ರಾತ್ರಿ ಎದ್ದು ಕೂತು ಲೆಕ್ಕ ಹಾಕಿದೆ, ಮಗಳ ಓದಿಗೆ ಎಷ್ಟು ಬೇಕು, ಸೊಸೈಟಿ ಸಾಲ ಎಷ್ಟು, ಉಳಿಯುವುದೆಷ್ಟು ಎಂದು. ಲೆಕ್ಕ ಸರಿಹೋಗುತ್ತದೆ ಮಾರಾಯ. ಚೆನ್ನಾಗಿಯೇ ಸರಿಹೋಗುತ್ತದೆ. ಅದಕ್ಕೇ ನಿದ್ದೆ ಬರುತ್ತಿಲ್ಲ. ಗುಡ್ಡೆ ಹೋದರೆ ಗುಡ್ಡೆಯೊಳಗಿನ ನೀರು ಎಲ್ಲಿ ನಿಲ್ಲುತ್ತದೆ? ತನ್ನ ಹಿರಿಯರ ಕಾಡನ್ನು ಬರುವವರಿಗೆ ತೋರಿಸುತ್ತಾ, ತೆಪ್ಪಕ್ಕೆ ಹುಟ್ಟು ಹಾಕುತ್ತಾ, ದಿನಾ ಅಲ್ಲೇ ಇರುವ ಆ ಮನುಷ್ಯನನ್ನು ನೋಡಿದ ಮೇಲೆ ನನಗೆ ‘ಯೋಚಿಸುತ್ತೇನೆ’ ಎಂದ ನನ್ನ ದನಿಯೇ ಕಿವಿಯಲ್ಲಿ ಕೂತಿದೆ. ಲೆಕ್ಕ ಹಾಕಿದ ವಿಷಯ ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ. ಇನ್ನು ಇದನ್ನು ಓದಿಯೇ ತಿಳಿಯುತ್ತಾಳೆ.

ಸಾಕು. ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಓದುತ್ತಿರುವ ಉಳಿದವರೇ, ತೇಕ್ಕಡಿಗೆ ಖಂಡಿತ ಹೋಗಿ, ತೆಪ್ಪಕ್ಕೆ ಮೊದಲೇ ಬುಕ್ ಮಾಡಿ, ಜನ ಕಡಿಮೆ ಕರೆದುಕೊಂಡು ಹೋಗುತ್ತಾರೆ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಕುಮಳಿಯಲ್ಲಿ ಏಲಕ್ಕಿ ಕೊಳ್ಳುವಾಗ ಎರಡು ಅಂಗಡಿ ನೋಡಿ ಕೊಳ್ಳಿ.

ನಿನಗೆ ಬೇರೆ ಕೆಲಸ ಇದೆ. ಮೇ ಮೊದಲ ವಾರ, ಮಳೆ ಹಿಡಿಯುವ ಮೊದಲು, ನಾನು ಸುರಂಗದ ಮಣ್ಣು ತೆಗೆಯಬೇಕು. ಎರಡು ದಿನ ರಜೆ ಹಾಕಿ ಬಾ. ಒಳಗೆ ಬರುವುದೇನೂ ಬೇಡ, ಬಾಯಿಯಲ್ಲಿ ನಿಂತು ಬುಟ್ಟಿ ಎಳೆದುಕೊಂಡರೆ ಸಾಕು, ಕೂಗುವುದು ಹೇಗೂ ನಿನಗೆ ಬರುತ್ತದೆ. ಗುಡ್ಡೆಯ ವಿಷಯವನ್ನೂ ಅಲ್ಲೇ ಕೂತು ಮಾತಾಡುವ, ನನ್ನ ಲೆಕ್ಕದ ಚೀಟಿ ತೋರಿಸುತ್ತೇನೆ, ನೀನು ಬ್ಯಾಂಕಿನವನಲ್ವಾ, ಎಲ್ಲಾದರೂ ತಪ್ಪು ಹುಡುಕು. ಅಮ್ಮನನ್ನೂ ಕರೆದುಕೊಂಡು ಬಾ. ನಮ್ಮ ಅಮ್ಮ ಹಲಸಿನ ಹಪ್ಪಳ ಹಾಕಲು ಜನ ಸಾಲದು ಎನ್ನುತ್ತಿದ್ದಾರೆ, ಇಬ್ಬರೂ ಸೇರಿದರೆ ನಮಗೆ ತಿನ್ನಲು ಉಳಿಯುತ್ತದೆ. ಅಪ್ಪನಿಗೆ ಸ್ವೀಟ್ ತರಬೇಡ, ಶುಗರ್ ಜಾಸ್ತಿ ಇದೆ.

ರಾತ್ರಿ ಬಸ್ಸಿಗೆ ಬಂದರೆ ಪುತ್ತೂರಿನಲ್ಲೇ ಇಳಿ, ನಾನು ಬೈಕಿನಲ್ಲಿ ಬರುತ್ತೇನೆ. ಅಮ್ಮ ಜೊತೆಗಿದ್ದರೆ ಮೊದಲೇ ಹೇಳು, ಜೀಪು ಕೇಳಿಡಬೇಕು.

ನಿನ್ನವನೇ,
ಗುಡ್ಡೆಯ ಈ ಮಗ್ಗುಲಿನವ