ತುತ್ತ ಸುಣ್ಣ ಬೆರೆಸುವಾಗ ಪಕ್ಕದಲ್ಲೊಂದು ಚಾಕು ಇರಲಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ತಿರ ಬಂತೆಂದರೆ ಕಾಯಿ ಕೊಳೆಯುವ ಕೊಳೆರೋಗ ತಡೆಯಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಿರಿ ಅನ್ನುವ ಸಲಹೆ ಪತ್ರಿಕೆಗಳಲ್ಲಿ ಬರುತ್ತದೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಅಲ್ಲಿಗೆ ಮುಗಿಯಿತು. ಬೆರೆಸಿದ ಮೇಲೆ ಹುಳಿ, ಅಂದರೆ ಆಮ್ಲ, ಉಳಿದಿದೆಯಾ ಅಂತ ನೋಡಿ ಅನ್ನುವ ಮಾತು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಎರಡು ವರ್ಷದ ಹಿಂದೆ ನಾನೂ ಇದೇ ಅಳತೆಯಲ್ಲಿ ಹೊಡೆಸಿದೆ. ಸುಣ್ಣ ಮಾತ್ರ ಹಿಂದಿನ ವರ್ಷದ್ದು, ಕೊಟ್ಟಿಗೆ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲದಲ್ಲಿತ್ತು. ನೀರು ಹಾಕಿದಾಗ ಬಿಸಿಯೂ ಆಗಲಿಲ್ಲ, ಸದ್ದೂ ಇಲ್ಲ. ಆದರೂ ಸುಮ್ನೆ ಬೆರೆಸಿಬಿಟ್ಟೆ. ವಾರದೊಳಗೆ ಎಳೆಕಾಯಿ ಸುಟ್ಟ ಹಾಗೆ ಕಪ್ಪಾಯಿತು. ತುತ್ತವೇ ಕಲಬೆರಕೆ ಅಂತ ಅಂಗಡಿಯವರ ಜೊತೆ ಜಗಳ ಆಡಿ ಬಂದೆ, ಅದಕ್ಕೆ ಈಗಲೂ ಬೇಜಾರಿದೆ, ಯಾಕೆಂದರೆ ತಪ್ಪು ಸುಣ್ಣದಲ್ಲಿತ್ತು.

ಮೈಲುತುತ್ತ ಕರಗಿದ ನೀರು ಆಮ್ಲ. ಸುಣ್ಣದ ನೀರು ಕ್ಷಾರ. ಎರಡೂ ಸೇರಿದಾಗ ಒಂದರ ಖಾರ ಇನ್ನೊಂದು ತೆಗೆಯುತ್ತದೆ, ಕರಗಿದ್ದ ತಾಮ್ರ ಸಣ್ಣ ಸಣ್ಣ ನೀಲಿ ಕಣವಾಗಿ ಅಡಿಕೆ ಗೊನೆಗೆ ಅಂಟಿಕೊಂಡು ಮಳೆಗೂ ಜಗ್ಗದೆ ಕೊಳೆರೋಗ ತಡೆಯುತ್ತದೆ. ಸುಣ್ಣ ಗಾಳಿಗೆ ತೆರೆದಿದ್ದರೆ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದ ಜಾತಿಗೆ ಸೇರುತ್ತದೆ. ನೋಡಲು ಅದೇ ಬಿಳಿ ಪುಡಿ, ತೂಕವೂ ಸರಿ, ಆದರೆ ಶಕ್ತಿ ಇಲ್ಲ. ಆಗ ತಾಮ್ರ ಕರಗಿದ ರೂಪದಲ್ಲೇ ಉಳಿದು ಕಾಯಿ ಸುಡುತ್ತದೆ.

ಪರೀಕ್ಷೆಗೆ ಒಂದೇ ನಿಮಿಷ ಸಾಕು. ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆಯಿರಿ, ಸ್ಟೀಲಿನದು ಬೇಡ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಆಮ್ಲ ಉಳಿದಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಬೇಕು. ನೀಲಿ ಲಿಟ್ಮಸ್ ಕಾಗದ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದು ಕೆಂಪಾಗಬಾರದು. ಬೆರೆಸುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಕಬ್ಬಿಣದ ಡ್ರಮ್ ಆದರೆ ಚಾಕುವಿಗೆ ಆಗುವ ಗತಿಯೇ ಅದಕ್ಕೂ ಆಗುತ್ತದೆ.

ಇದೇನು ನಮಗೆ ಹೊಸದಲ್ಲ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅಲ್ವಾ, ಅದೂ ಕ್ಷಾರದ ಪರೀಕ್ಷೆಯೇ. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆದರೆ ಅರಿಶಿನ ಬರಿ ನೀರಲ್ಲೂ ಹಳದಿ, ಹುಳಿಯಲ್ಲೂ ಹಳದಿ, ಹಾಗಾಗಿ ಆಮ್ಲ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಅಳತೆಗೆ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ಪಿಎಚ್ ಲೆಕ್ಕ ತಂದರು. 7 ಅಂದರೆ ಸಮ, ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಜಾಸ್ತಿ. 6ಕ್ಕೂ 5ಕ್ಕೂ ಏನು ಮಹಾ ವ್ಯತ್ಯಾಸ ಅನ್ನುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿ ಹಿಡಿದೂ ಹಾಗೇ ಹೇಳುತ್ತಾರೆ.

ನನ್ನ ಕೋರಿಕೆ ಇಷ್ಟೇ. ಈ ಸಲ ಬೋರ್ಡೋ ಸಲಹೆ ಹಾಕುವಾಗ ಅಳತೆಯ ಕೆಳಗೆ ಚಾಕುವಿನ ಪರೀಕ್ಷೆಯನ್ನೂ, ಸುಣ್ಣ ಹೊಸದಿರಬೇಕು ಅನ್ನುವುದನ್ನೂ ಎರಡು ಸಾಲಿನಲ್ಲಿ ಹಾಕಿ. ಮರ ಹತ್ತುವವರು ಸಿಗುವುದೇ ಕಷ್ಟ, ಕೆಟ್ಟ ಔಷಧಿ ಹೊಡೆಸಿ ಅವರನ್ನು ಮತ್ತೆ ಕರೆಸುವುದು ನಮ್ಮಿಂದ ಆಗುವುದಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ