ನಮ್ಮ ದಾರಿಗೆ ಕಾಂಕ್ರೀಟ್ ಬಿತ್ತು ಮಾರಾಯ್ರೆ, ಎಲ್ರಿಗೂ ಥ್ಯಾಂಕ್ಸ್

ನಿನ್ನೆ ಸಂಜೆ ಉಡುಪಿ ಜಿಲ್ಲೆಯ ಹಿರಿಯಡ್ಕ ಹತ್ರದ ನಮ್ಮ ಆ ದಾರಿಗೆ ಕಾಂಕ್ರೀಟ್ ಹಾಕಿ ಮುಗೀತು. ಇದಕ್ಕೆಲ್ಲ ಇಷ್ಟುದ್ದ ಬರೀಬೇಕಾ ಅಂತ ಹೆಂಡ್ತಿ ಕೇಳಿದ್ಲು, ಆದ್ರೆ ಈ ದಾರಿ ಇಲ್ಲದೇ ಇದ್ರೆ ನಾನು ಈ ಜಾಗದ ಬ್ರೋಕರ್ ಲೈನೇ ಬಿಟ್ಟು ವಾಪಸ್ ಮುಂಬೈ ಹೋಟೆಲಿಗೆ ಹೋಗ್ತಿದ್ದೆ, ಹಾಗಾಗಿ ಬರೀತೇನೆ.

2018ರಲ್ಲಿ ನಾನು ಹೊಸ ಬ್ರೋಕರ್. ಆರ್‌ಟಿಸಿ (ಪಹಣಿ) ನೋಡಿದೆ, ಇಸಿ (ಜಾಗದ ಮೇಲೆ ಸಾಲ ಗೀಲ ಉಂಟಾ ಅಂತ ತೋರಿಸುವ ಕಾಗದ) ತೆಗ್ಸಿದೆ, ಕೃಷಿ ಜಾಗ ಮನೆ ಕಟ್ಲಿಕ್ಕೆ ಅಂತ ಕನ್ವರ್ಷನ್ ಆಗಿತ್ತು, ಪಂಚಾಯತಿ ಕೊಡುವ 9/11 ನಮೂನೆ ಕೂಡ ಇತ್ತು. ಮತ್ತೆಂತ ಬೇಕು ಅಂತ ಐದು ಸೆಂಟ್ಸ್ ಜಾಗ, ಅಂದ್ರೆ 2178 ಚದರ ಅಡಿ, ಗಲ್ಫಲ್ಲಿದ್ದ ಒಬ್ರಿಗೆ ಕೊಡಿಸಿ ಕಮಿಷನ್ ತಗೊಂಡೆ. ಕೆಂಪು ಕಲ್ಲಿನ ಲಾರಿ ಬಂದ ದಿನ ಪಕ್ಕದ ಮನೆ ಅಮ್ಮ ಅಡ್ಡ ನಿಂತ್ರು. ದಾರಿ ಅಂತ ನಾನು ತೋರಿಸಿದ್ದು ಅವರ ಸರ್ವೆ ನಂಬರಲ್ಲಿತ್ತು, ನಾನು ನಕ್ಷೆ ಬಿಡಿಸಿ ನೋಡಿಯೇ ಇರ್ಲಿಲ್ಲ. ತಪ್ಪು ನನ್ನದೇ.

ಜಾಗ ತಗೊಂಡ ಅಣ್ಣ, ನಿಮಗೆ ಮೊದಲ ಥ್ಯಾಂಕ್ಸ್. ಪೊಲೀಸ್, ಕೋರ್ಟು ಅಂತ ಹೋಗ್ಬಹುದಿತ್ತು. ನೀವು ಬೈದದ್ದು ಬೈದಿರಿ (ಅದು ನೆನಪುಂಟು), ಮತ್ತೆ "ನೀನೇ ದಾರಿ ಮಾಡಿಕೊಡು" ಅಂದ್ರಿ ಅಷ್ಟೇ.

ಆಮೇಲೆ ನನ್ನನ್ನು ಕೂರಿಸಿ ಕಾಗದ ಓದ್ಲಿಕ್ಕೆ ಕಲಿಸಿದ ರಿಟೈರ್ಡ್ ಸರ್ವೆಯರ್ ಮಾಸ್ಟ್ರು. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿನ ಕೆಳಗಿದ್ದದ್ದು, ಘಟ್ಟದ ಮೇಲಿನವರು ಗುಂಟೆ ಲೆಕ್ಕ ಹೇಳಿದ್ರೆ ನಾವು ಸೆಂಟ್ಸ್ ಹೇಳೋದು, ಹಳೇ ಎಫ್‌ಎಂಬಿ (ಸರ್ವೆ ಅಳತೆಯ ನಕ್ಷೆ ಪುಸ್ತಕ), ಅಡಂಗಲ್ (ಊರಿನ ಜಾಗ, ಬೆಳೆಯ ಲೆಕ್ಕದ ಪುಸ್ತಕ) ಎಲ್ಲ ಆ ಕಾಲದ್ದೇ ಅಂತ ಶುರು ಮಾಡಿದ್ರೆ ಎರಡು ಚಹಾ ಮುಗಿದ್ರೂ ಅವರ ಪಾಠ ಮುಗೀತಿರ್ಲಿಲ್ಲ. ಆ ಹಳೇ ನಕ್ಷೆಯಲ್ಲೇ ಅಲ್ಲಿ ಒಂದು ಕಾಲುದಾರಿ ಇದ್ದದ್ದು ಸಿಕ್ಕಿತು.

ಆದ್ರೆ ಕಾಲುದಾರಿಯಲ್ಲಿ ಲಾರಿ ಹೋಗ್ತದಾ? ಪಕ್ಕದ ಅಮ್ಮನ ಹತ್ರ ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಮೊದಲೆಲ್ಲ ದುಡ್ಡಿಗೋಸ್ಕರ ಹಠ ಮಾಡ್ತಾರೆ ಅಂದ್ಕೊಂಡಿದ್ದೆ, ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಅವರಿಗೆ ಚಿಂತೆ ಇದ್ದದ್ದು ಮೂಲೆಯ ನಾಗಬನದ್ದು (ನಾಗನಿಗೆ ಬಿಟ್ಟ ಮರಗಳ ಬನ), ಲಾರಿ ಉಜ್ಜಿ ಮರ ಹೋದ್ರೆ ಅಂತ. ಅಷ್ಟೇ ವಿಷ್ಯ! ದಾರಿಯನ್ನು ಬನ ಬಿಟ್ಟು ಹನ್ನೆರಡು ಅಡಿ ಆಚೆ ಬಳಸಿ ಗೆರೆ ಹಾಕಿದ್ವಿ. ಮರುದಿನವೇ ಒಪ್ಪಿದ್ರು. ಅಮ್ಮ, ನೀವು ಕೊಟ್ಟ ಜಾಗಕ್ಕೆ ಒಂದು ರೂಪಾಯಿ ಕೇಳ್ಲಿಲ್ಲ, ಪಂಚಾಯತಿಗೆ ದಾನಪತ್ರ ಮಾಡಿಕೊಟ್ರಿ, ದಾರಿ ಪಂಚಾಯತಿನದ್ದು ಆದ್ಮೇಲೆಯೇ ಅಲ್ವಾ ಕಾಂಕ್ರೀಟಿಗೆ ಸರಕಾರದ ದುಡ್ಡು ಹಾಕ್ಲಿಕ್ಕೆ ಆದದ್ದು. ಮಧ್ಯದಲ್ಲಿ ಲಾಕ್‌ಡೌನ್ ಬಂದು ಕೆಲಸ ನಿಂತಾಗ ಮನೆ ನಡೆಸಿದ್ದು ಹೆಂಡ್ತಿಯ ಟೈಲರಿಂಗ್, ಅದನ್ನು ಇಲ್ಲಿ ಹೇಳದಿದ್ರೆ ಇವತ್ತು ಊಟ ಸಿಗ್ಲಿಕ್ಕಿಲ್ಲ.

ಈಗ ಆ ದಾರಿಯಲ್ಲಿ ಒಂಬತ್ತು ಮನೆ. ಅದ್ರಲ್ಲಿ ನಾನು ಜಾಗ ಕೊಡಿಸಿದ್ದು ನಾಲ್ಕೇ, ಉಳಿದವ್ರು ದಾರಿ ಆದ್ಮೇಲೆ ತಾವೇ ಬಂದ್ರು. ಒಬ್ಬ ಅಜ್ಜಿಗೆ 94ಸಿ ಅರ್ಜಿ (ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡ್ಲಿಕ್ಕೆ) ಬರೆದುಕೊಟ್ಟು ಹಕ್ಕುಪತ್ರ ಬಂದ ದಿನ ಅವರು ನನಗೆ ಹಲಸಿನ ಹಣ್ಣು ಕೊಟ್ಟದ್ದು, ಅಷ್ಟು ಭಾರದ ಕಮಿಷನ್ ಯಾವ ಡೀಲಲ್ಲೂ ಸಿಕ್ಕಿಲ್ಲ. ಈಗ ಯಾರು ಜಾಗ ಕೇಳಿದ್ರೂ ನಾನು ಮೊದಲು ದಾರಿ ನೋಡ್ತೇನೆ, ಮತ್ತೆ ರೇಟು. ಬಿಸಿನೆಸ್ ಸ್ವಲ್ಪ ನಿಧಾನ, ಆದ್ರೆ ಬೆಳಿಗ್ಗೆ ಎದ್ದು ಹೊರಡ್ಲಿಕ್ಕೆ ಮನಸ್ಸಾಗ್ತದೆ.

ಒಂಬತ್ತು ಮನೆಯವ್ರಿಗೂ ಒಂದು ರಿಕ್ವೆಸ್ಟ್: ಕಾಂಕ್ರೀಟಿಗೆ ಇನ್ನೂ ನೀರು ಹಾಕ್ತಾ ಇದ್ದೇವೆ, ಗಾಡಿಯನ್ನು ಸದ್ಯ ಬಸ್‌ಸ್ಟಾಪ್ ಹತ್ರವೇ ಬಿಡಿ.